ರಕ್ತದ ಪಾಲು, ಮನೆಯ ಪಾಲು

ಮದುವೆಯ ಹಿಂದಿನ ರಾತ್ರಿ ಛತ್ರದ ಹಿಂದೆ ಕಾರಿನ ಡಿಕ್ಕಿ ತೆರೆದು ಗಂಡಸರ ಪಾರ್ಟಿ ನಡೆಯುತ್ತದಲ್ಲ, ಅಲ್ಲಿ ಒಬ್ಬನ ಗುಣಗಾನ ತಪ್ಪುವುದೇ ಇಲ್ಲ. 'ನಮ್ ಹುಡ್ಗ ಎಷ್ಟು ಹಾಕಿದ್ರೂ ಸ್ಟೆಡಿ ಕಣ್ರೀ. ಹಾಫ್ ಇಳಿಸಿದ್ರೂ ಒಂಚೂರು ತೂರಾಡಲ್ಲ.' ಎರಡು ಪೆಗ್ಗಿಗೇ ನಾಲಿಗೆ ತೊದಲುವವನು ಅದೇ ಗುಂಪಿನಲ್ಲಿ ಗೇಲಿಗೆ ಗುರಿ. ಪಾಪ, ಅವನಿಗೆ ಕೆಪಾಸಿಟಿ ಇಲ್ಲ. ಆದರೆ ಮುಂದೆ ಚಟಕ್ಕೆ ಬೀಳುವ ಅಪಾಯ ಇವರಿಬ್ಬರಲ್ಲಿ ಯಾರಿಗೆ ಹೆಚ್ಚು ಎಂದು ಕೇಳಿದರೆ, ಸಂಶೋಧಕರು ಬೊಟ್ಟು ಮಾಡುವುದು ಸ್ಟೆಡಿ ಹುಡುಗನ ಕಡೆಗೆ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮನೋವೈದ್ಯ ಮಾರ್ಕ್ ಶಕಿಟ್. 1978ರಲ್ಲಿ ಶುರುವಾದ ಅವರ ಅಧ್ಯಯನದಲ್ಲಿ ಇಪ್ಪತ್ತರ ಆಸುಪಾಸಿನ 453 ಯುವಕರಿದ್ದರು. ಕೆಲವರು ಕುಡಿತದ ಚಟವಿದ್ದ ತಂದೆಯ ಮಕ್ಕಳು, ಉಳಿದವರು ಅಂಥ ಹಿನ್ನೆಲೆ ಇಲ್ಲದವರು. ಆ ಹೊತ್ತಿಗೆ ಅವರಲ್ಲಿ ಯಾರೂ ವ್ಯಸನಿಗಳಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಕೂರಿಸಿ, ಅಳತೆ ಮಾಡಿದ ಮದ್ಯ ಕೊಟ್ಟು, ಮುಂದಿನ ಕೆಲವು ಗಂಟೆ ಅವರನ್ನು ಗಮನಿಸಿದರು. ನೇರ ನಿಲ್ಲಿಸಿದಾಗ ಮೈ ಎಷ್ಟು ತೂಗುತ್ತದೆ, ರಕ್ತದಲ್ಲಿ ಹಾರ್ಮೋನುಗಳು ಎಷ್ಟು ಏರಿಳಿಯುತ್ತವೆ, 'ಏರಿದೆ' ಎಂದು ಅವರಿಗೇ ಎಷ್ಟರಮಟ್ಟಿಗೆ ಅನ್ನಿಸುತ್ತದೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡರು. ಸುಮಾರು ಹತ್ತು ವರ್ಷ ಬಿಟ್ಟು ಅವರನ್ನೇ ಮತ್ತೆ ಹುಡುಕಿ ಮಾತಾಡಿಸಿದರು. ವ್ಯಸನಿ ತಂದೆಯ ಮಕ್ಕಳ ಪೈಕಿ, ಅಂದು ಕುಡಿದರೂ ಅಷ್ಟಾಗಿ ಏರದೇ ಇದ್ದವರಲ್ಲಿ ಶೇ 56 ಮಂದಿ ಮದ್ಯವ್ಯಸನಿಗಳಾಗಿದ್ದರು. ಬೇಗ ಏರುತ್ತಿದ್ದವರಲ್ಲಿ ಆ ಪ್ರಮಾಣ ಶೇ 14 ಮಾತ್ರ.

ಕಾರಣ ಕಗ್ಗಂಟೇನಲ್ಲ. 'ಸಾಕು' ಎಂದು ಎಚ್ಚರಿಸುವ ಒಳಗಿನ ಗಂಟೆ ಬೇಗ ಏರದವರಿಗೆ ತಡವಾಗಿ ಬಾರಿಸುತ್ತದೆ. ಗೆಳೆಯರಿಗೆ ಎರಡರಲ್ಲಿ ಸಿಗುವ ಅಮಲು ಸಿಗಬೇಕಾದರೆ ಇವರು ನಾಲ್ಕು ಹಾಕಬೇಕು. ಹೆಚ್ಚು ಹಾಕಬಲ್ಲವರ ಜೊತೆಗೇ ಕೂರುತ್ತಾರೆ, ಮೈ ಅದಕ್ಕೆ ಒಗ್ಗಿಕೊಳ್ಳುತ್ತ ಹೋಗುತ್ತದೆ. ಶಕಿಟ್ ಆಮೇಲೆ ತಮ್ಮ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ವಿಡಿಯೊ ಪಾಠ ಮಾಡಿಸಿದರು. 'ನಿಮಗೆ ಬೇಗ ಏರುವುದಿಲ್ಲ, ಅದೇ ನಿಮಗಿರುವ ಅಪಾಯ' ಎಂದು ಆ ಗುಣಕ್ಕೇ ಹೊಂದಿಸಿ ಹೇಳಿದ ಪಾಠ, ಕುಡಿತದ ಬಗೆಗಿನ ಸಾಮಾನ್ಯ ಬುದ್ಧಿವಾದಕ್ಕಿಂತ ಅಂಥವರಲ್ಲಿ ಚೆನ್ನಾಗಿ ಕೆಲಸ ಮಾಡಿತು. ನಮ್ಮ ಕಾಲೇಜುಗಳಲ್ಲಿ ವ್ಯಸನಮುಕ್ತಿ ದಿನದ ಭಾಷಣ ಮಾಡುವವರು ಇದನ್ನೊಮ್ಮೆ ಗಮನಿಸಬಹುದು.

ಹಾಗಾದರೆ ಚಟ ರಕ್ತದಲ್ಲೇ ಬರುತ್ತದೆಯೆ? 'ಅವರಪ್ಪನೂ ಹೀಗೇ ಕುಡಿದು ಸತ್ತ, ಇವನೂ ಅದೇ ದಾರಿ' ಎಂದು ಊರವರು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತಾರೆ. ತೊಡಕಿರುವುದು ಇಲ್ಲೇ. ಕುಡುಕ ಅಪ್ಪ ಮಗನಿಗೆ ವಂಶವಾಹಿಯನ್ನಷ್ಟೇ ಕೊಡುವುದಿಲ್ಲ, ಬೆಳೆಯುವ ಮನೆಯನ್ನೂ ಕೊಡುತ್ತಾನೆ. ಎರಡನ್ನೂ ಒಂದೇ ಕೈಯಿಂದ ಪಡೆದ ಮಗನಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳುವುದು ಹೇಗೆ?

ಹುಟ್ಟಿದ ಕೆಲವೇ ವಾರಗಳಲ್ಲಿ ದತ್ತು ಹೋದ ಮಕ್ಕಳು ಇದಕ್ಕೊಂದು ದಾರಿ ತೋರಿಸಿದರು. 1973ರಲ್ಲಿ ಮನೋವೈದ್ಯ ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಡೆನ್ಮಾರ್ಕ್‌ನ ದತ್ತು ದಾಖಲೆಗಳಿಂದ ಇಂಥ ಗಂಡುಮಕ್ಕಳನ್ನು ಹುಡುಕಿ ತೆಗೆದರು. ಹೆತ್ತವರಲ್ಲಿ ಒಬ್ಬರಿಗೆ ಮದ್ಯವ್ಯಸನವಿದ್ದ 55 ಮಂದಿ, ಅಂಥ ಹಿನ್ನೆಲೆ ಇಲ್ಲದ 78 ಮಂದಿ. ಎಲ್ಲರೂ ಬೆಳೆದದ್ದು ರಕ್ತಸಂಬಂಧವಿಲ್ಲದ ಮನೆಗಳಲ್ಲಿ. ಮೊದಲ ಗುಂಪಿನಲ್ಲಿ ಶೇ 18 ಮಂದಿಗೆ ಚಟ ಅಂಟಿತ್ತು, ಎರಡನೆಯದರಲ್ಲಿ ಶೇ 5. ಹೆತ್ತ ತಂದೆಯ ಮುಖವನ್ನೇ ಕಾಣದ ಮಕ್ಕಳಲ್ಲೂ ಅಪಾಯ ಹೆಚ್ಚು ಕಡಿಮೆ ನಾಲ್ಕು ಪಟ್ಟು. ರಕ್ತಕ್ಕೆ ಪಾಲಿದೆ ಎಂಬುದು ಖಚಿತವಾಯಿತು. ಅವಳಿಗಳ ಮೇಲೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ನಡುವಿನ ಅಪಾಯದ ವ್ಯತ್ಯಾಸದಲ್ಲಿ ಸುಮಾರು ಅರ್ಧಕ್ಕೆ ಆನುವಂಶಿಕತೆ ಕಾರಣ ಎಂಬ ಲೆಕ್ಕ ಸಿಗುತ್ತದೆ. ಆದರೂ ಡೆನ್ಮಾರ್ಕ್‌ನ ಅಂಕಿಯನ್ನೇ ತಿರುಗಿಸಿ ಓದಿ: ಕುಡುಕರಿಗೆ ಹುಟ್ಟಿ ಬೇರೆಡೆ ಬೆಳೆದ ಐವರಲ್ಲಿ ನಾಲ್ವರಿಗೆ ಚಟ ಹತ್ತಲೇ ಇಲ್ಲ.

'ಕುಡಿತದ ಜೀನ್' ಎಂಬ ಒಂದೇ ವಸ್ತುವನ್ನು ಹುಡುಕಿದವರಿಗೆ ಅದು ಸಿಕ್ಕಿಲ್ಲ. ಒಂದೊಂದೂ ಕಣದಷ್ಟು ಪ್ರಭಾವ ಬೀರುವ ನೂರಾರು ವ್ಯತ್ಯಾಸಗಳು ಸೇರಿ ಅಪಾಯವನ್ನು ಕಟ್ಟುತ್ತವೆ. ಅವುಗಳಲ್ಲಿ ಹಲವು ಮದ್ಯಕ್ಕೆ ಸಂಬಂಧಿಸಿದವೇ ಅಲ್ಲ. ದುಡುಕು, ಕೆಣಕಿದರೆ ಭುಗಿಲೇಳುವ ಸ್ವಭಾವ, ಹೊಸತಕ್ಕೆ ಹಾತೊರೆಯುವ ಗುಣ ಇಂಥವುಗಳಿಗೆ ಸಂಬಂಧಿಸಿದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನಗಲ್ ಮತ್ತು ಸಹೋದ್ಯೋಗಿಗಳು ಈ ಅಪಾಯದ ಗುರುತನ್ನು ಮಿದುಳಿನಲ್ಲೇ ಹುಡುಕಿದ್ದರು. ಒಂದೇ ಬಗೆಯ ಸದ್ದುಗಳ ನಡುವೆ ಬೇರೆಯದೊಂದು ಸದ್ದು ಬಂದಾಗ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಗೆ ಪಿ300 ಎನ್ನುತ್ತಾರೆ. ಮದ್ಯವ್ಯಸನಿಗಳ ಹತ್ತಿರದ ಗಂಡು ಸಂಬಂಧಿಕರಲ್ಲಿ, ಅಪಾಯ ಹೆಚ್ಚಿದಷ್ಟೂ ಈ ಅಲೆ ಕುಗ್ಗಿರುವುದನ್ನು 1995ರಲ್ಲಿ ಅವರು ಪ್ರಕಟಿಸಿದರು.

ನೇರವಾಗಿ ಮದ್ಯಕ್ಕೇ ಸಂಬಂಧಿಸಿದ ಪ್ರಬಲ ವಂಶವಾಹಿಯೊಂದು ಪೂರ್ವ ಏಷ್ಯಾದವರಲ್ಲಿ ಹೆಚ್ಚಾಗಿದೆ. ಅದು ಕುಡಿಸುವುದಲ್ಲ, ತಡೆಯುವುದು. ಮದ್ಯ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಕರಗಿಸುವ ಕಿಣ್ವ ಇಂಥವರಲ್ಲಿ ದುರ್ಬಲ. ಒಂದು ಗ್ಲಾಸಿಗೇ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಕರಿಕೆ ಬರುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಮಾಡುವುದೂ ಇದನ್ನೇ. ಇಷ್ಟು ಗಟ್ಟಿ ಕಾವಲಿದ್ದರೂ ಜಪಾನಿನಲ್ಲಿ ಏನಾಯಿತು ನೋಡಿ. ಅಲ್ಲಿನ ಮದ್ಯವ್ಯಸನಿಗಳಲ್ಲಿ ಈ ವಂಶವಾಹಿಯ ಒಂದು ಪ್ರತಿ ಇದ್ದವರು 1979ರಲ್ಲಿ ಶೇ 2.5 ಇದ್ದರು, 1986ರಲ್ಲಿ ಶೇ 8, 1992ರಲ್ಲಿ ಶೇ 13. ಹದಿಮೂರು ವರ್ಷದಲ್ಲಿ ಒಂದು ದೇಶದ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಕುಡಿತದ ಸುತ್ತಲಿನ ಸಮಾಜ.

ಸ್ಯಾನ್ ಡಿಯಾಗೋದಲ್ಲೇ, ಶಕಿಟ್ ರಕ್ತದ ಜಾಡು ಹಿಡಿದಿದ್ದ ವರ್ಷಗಳಲ್ಲೇ, ಇನ್ನೊಬ್ಬ ವೈದ್ಯರು ಕುಡಿತಕ್ಕೆ ಸಂಬಂಧವೇ ಇಲ್ಲದ ಕೆಲಸದಲ್ಲಿದ್ದರು. ಕೈಸರ್ ಪರ್ಮನೆಂಟೆ ಆಸ್ಪತ್ರೆಯ ವಿನ್ಸೆಂಟ್ ಫೆಲಿಟ್ಟಿ ನಡೆಸುತ್ತಿದ್ದದ್ದು ಬೊಜ್ಜು ಇಳಿಸುವ ಕ್ಲಿನಿಕ್. 1985ರ ಸುಮಾರಿಗೆ ಅವರಿಗೊಂದು ವಿಚಿತ್ರ ಕಾಣಿಸಿತು: ಚೆನ್ನಾಗಿ ತೂಕ ಇಳಿಸಿಕೊಂಡವರೇ ನಡುವೆ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. 185 ಕೆ.ಜಿ.ಯಿಂದ 60ಕ್ಕೆ ಇಳಿದಿದ್ದ ಒಬ್ಬ ಹೆಂಗಸು ಕೆಲವೇ ವಾರಗಳಲ್ಲಿ ಮತ್ತೆ ದಪ್ಪವಾಗತೊಡಗಿದಳು. ಏನಾಯಿತು ಎಂದು ವಿಚಾರಿಸಿದರೆ, ಜೊತೆಯಲ್ಲಿ ಕೆಲಸ ಮಾಡುವ ಗಂಡಸೊಬ್ಬ ಅವಳ ಚೆಲುವಿನ ಬಗ್ಗೆ ಆಡಿದ ಮಾತು ಅವಳನ್ನು ಹೆದರಿಸಿತ್ತು. ಬಾಲ್ಯದಲ್ಲಿ ಅವಳು ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಳು. ಫೆಲಿಟ್ಟಿ ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತ ಹೋದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಿಂದ ಅಂಥದೇ ಕಥೆ ಬಂತು. ತಾವು ರೋಗವೆಂದುಕೊಂಡಿದ್ದ ಬೊಜ್ಜು ಇವರ ಪಾಲಿಗೆ ರಕ್ಷಣೆಯಾಗಿತ್ತು ಎಂದು ಅವರಿಗೆ ಹೊಳೆಯಿತು.

ಅಲ್ಲಿಂದ ಪ್ರಶ್ನೆ ಹಿಗ್ಗಿತು. ರೋಗನಿಯಂತ್ರಣ ಕೇಂದ್ರದ ರಾಬರ್ಟ್ ಆ್ಯಂಡಾ ಜೊತೆಗೂಡಿ 17 ಸಾವಿರಕ್ಕೂ ಹೆಚ್ಚು ಮಂದಿಗೆ ಬಾಲ್ಯದ ಬಗ್ಗೆ ಪ್ರಶ್ನಾವಳಿ ಕೊಟ್ಟರು. ಹೊಡೆತ, ಹೀಯಾಳಿಕೆ, ಲೈಂಗಿಕ ದೌರ್ಜನ್ಯ, ಅನಾದರ, ತಾಯಿಗೆ ಬೀಳುತ್ತಿದ್ದ ಪೆಟ್ಟು, ಮನೆಯಲ್ಲಿ ಕುಡಿತ, ಮನೋರೋಗ, ಜೈಲಿಗೆ ಹೋದವರು, ಬೇರೆಯಾದ ತಂದೆತಾಯಿ. ಉತ್ತರಿಸಿದವರು ಬಡವರಲ್ಲ, ಬಹುಪಾಲು ಕಾಲೇಜು ಮೆಟ್ಟಿಲು ಹತ್ತಿದ, ಆರೋಗ್ಯವಿಮೆ ಇದ್ದ ಮಧ್ಯಮವರ್ಗದ ನಡುವಯಸ್ಕರು. ಮೊದಲ ಹಂತದ ಉತ್ತರಗಳನ್ನು ಆಧರಿಸಿ 1998ರಲ್ಲಿ ಬಂದ ವರದಿಯ ಪ್ರಕಾರ, ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ ಮದ್ಯವ್ಯಸನದ ಸಂಭವ ಏನೂ ಕಾಣದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಚುಚ್ಚಿಕೊಳ್ಳುವ ಮಾದಕವಸ್ತುವಿನಲ್ಲಿ ಅದು ಹತ್ತು ಪಟ್ಟು.

ಈ ಅಂಕಿಗಳು ಈಗ ಜಗತ್ತಿನಾದ್ಯಂತ ಓಡಾಡುತ್ತಿವೆ. 'ನಿಮ್ಮ ಬಾಲ್ಯದ ಸ್ಕೋರ್ ಎಷ್ಟು' ಎಂದು ಮೊಬೈಲಿನಲ್ಲಿ ಪರೀಕ್ಷಿಸಿಕೊಂಡು ಗಾಬರಿಯಾಗುವವರೂ ಇದ್ದಾರೆ. ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಈ ಸ್ಕೋರ್ ಬಳಸಬೇಡಿ ಎಂದು 2020ರಲ್ಲಿ ಸ್ವತಃ ಆ್ಯಂಡಾ ಬರೆದರು. ಒಮ್ಮೆ ಗಾಯವಾಗುವಂತೆ ಹೊಡೆಸಿಕೊಂಡದ್ದೂ ವರ್ಷಗಟ್ಟಲೆ ಹೊಡೆಸಿಕೊಂಡದ್ದೂ ಅದರಲ್ಲಿ ಒಂದೊಂದೇ ಅಂಕ.

ಇನ್ನೂ ಗಟ್ಟಿ ಆಕ್ಷೇಪ ಒಂದಿದೆ. ಸಂಕಟ ಹೆಚ್ಚಿರುವ ಮನೆಯಲ್ಲಿ ಅಪಾಯದ ವಂಶವಾಹಿಯೂ ಇರಬಹುದು. ಹಾಗಿದ್ದಾಗ ಕೆಲಸ ಮಾಡಿದ್ದು ಸಂಕಟವೇ ಎಂದು ಹೇಗೆ ಹೇಳುವುದು? ಇದಕ್ಕೆ ಉತ್ತರ ಕೊಟ್ಟದ್ದು ವರ್ಜೀನಿಯಾದ ಕೆನೆತ್ ಕೆಂಡ್ಲರ್ 2000ದಲ್ಲಿ ಪ್ರಕಟಿಸಿದ ಅವಳಿ ಸೋದರಿಯರ ಅಧ್ಯಯನ. ಒಂದೇ ಮನೆಯಲ್ಲಿ ಬೆಳೆದ ಜೋಡಿಯಲ್ಲಿ ಒಬ್ಬಳು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಇನ್ನೊಬ್ಬಳು ಪಾರಾಗಿದ್ದಾಗ, ನೊಂದವಳಲ್ಲೇ ಮದ್ಯ ಮತ್ತು ಮಾದಕವಸ್ತುಗಳ ವ್ಯಸನ ಹೆಚ್ಚಾಗಿ ಕಂಡಿತು. ಕೋತಿಗಳೂ ಇದಕ್ಕೆ ಸಾಕ್ಷಿ ಹೇಳಿವೆ. ತಾಯಿಯಿಂದ ಬಿಡಿಸಿ ಓರಗೆಯ ಮರಿಗಳೊಡನೆ ಬೆಳೆಸಿದ ರೀಸಸ್ ಕೋತಿಗಳು, ತಾಯಿ ಸಾಕಿದವುಗಳಿಗಿಂತ ಹೆಚ್ಚು ಮದ್ಯ ಕುಡಿದವು. ತಾಯಿ ಸಾಕಿದವನ್ನು ಒಂಟಿಯಾಗಿ ಕೂಡಿಹಾಕಿದಾಗ ಅವೂ ಹೆಚ್ಚುಕಡಿಮೆ ಅಷ್ಟೇ ಕುಡಿಯತೊಡಗಿದವು.

ರಕ್ತ, ಮನೆ ಎರಡೂ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್‌ನ 18 ಸಾವಿರಕ್ಕೂ ಹೆಚ್ಚು ದತ್ತುಮಕ್ಕಳ ದಾಖಲೆಗಳಿವೆ. 2012ರ ಆ ವರದಿಯೂ ಕೆಂಡ್ಲರ್ ತಂಡದ್ದೇ. ಹೆತ್ತವರಿಗೆ ಮಾದಕವಸ್ತುವಿನ ಚಟವಿದ್ದರೆ ಮಕ್ಕಳಲ್ಲಿ ಅಪಾಯ ಎರಡು ಪಟ್ಟು. ಸಾಕಿದ ಮನೆಯಲ್ಲಿ ಸಾವು, ವಿಚ್ಛೇದನ, ಕುಡಿತ ಇದ್ದರೂ ಅಪಾಯ ಏರುತ್ತದೆ. ಆದರೆ ರಕ್ತದಲ್ಲಿ ಅಪಾಯ ಹೊತ್ತು ಬಂದವರಿಗೆ ಮನೆಯ ಪೆಟ್ಟು ಉಳಿದವರಿಗಿಂತ ಜೋರಾಗಿ ತಗಲುತ್ತದೆ. ಹೆಚ್ಚು ಜೋಪಾನ ಬೇಕಾದ ಮಗುವಿಗೇ ಜೋಪಾನ ಮಾಡಲಾಗದ ಮನೆ ಸಿಗುವುದು ಎಂಥ ಅನ್ಯಾಯ!

ನಮ್ಮಲ್ಲಿ ಅಂಥ ಮನೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರಾತ್ರಿ ಎಂಟಾಗುತ್ತಲೇ ಬೀದಿಯ ತುದಿಯಲ್ಲಿ ಬೈಕಿನ ಸದ್ದು. ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಅಪ್ಪ ಇವತ್ತು ಎಷ್ಟು ಕುಡಿದಿದ್ದಾನೆ ಎಂದು ಏಳು ವರ್ಷದ ಹುಡುಗಿ ಹೇಳಬಲ್ಲಳು. ಪುಸ್ತಕ ಮುಚ್ಚಿ, ತಮ್ಮನನ್ನು ಕರೆದುಕೊಂಡು ಒಳಕೋಣೆಗೆ ಹೋಗಿ ನಿದ್ದೆ ಬಂದವಳಂತೆ ಮಲಗುತ್ತಾಳೆ. ಆಚೆ ತಟ್ಟೆ ಬಿದ್ದ ಸದ್ದು, ಅಮ್ಮನ ದನಿ. ಸ್ಯಾನ್ ಡಿಯಾಗೋದ ಪ್ರಶ್ನಾವಳಿ ಹಿಡಿದು ನೋಡಿದರೆ, ಇಂಥ ಸಂಜೆಗಳಿರುವ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ 'ಹೌದು' ಎಂದು ಗುರುತು ಬೀಳುತ್ತದೆ. ವರ್ಷಾನುಗಟ್ಟಲೆ ಹೀಗೆ ಕಿವಿ ನಿಮಿರಿಸಿ ಬದುಕಿದ ಮಗುವಿನಲ್ಲಿ ಒತ್ತಡಕ್ಕೆ ಸ್ಪಂದಿಸುವ ವ್ಯವಸ್ಥೆ ಸದಾ ಜಾಗೃತವಾಗಿಯೇ ಉಳಿಯುತ್ತದೆ. ಹದಿನಾರರಲ್ಲಿ ಯಾರೋ ಕೊಟ್ಟ ಮೊದಲ ಗುಟುಕು ಆ ಜಾಗರಣೆಯನ್ನು ಮೊದಲ ಬಾರಿಗೆ ತಣಿಸಿದರೆ, ಅದನ್ನು ಮಿದುಳು ಮರೆಯುವುದು ಕಷ್ಟ.

ಕುಡಿತ ತಡೆಯುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ಮಾರಾಟ ನಿಂತಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ; ಶಿಬಿರದ ಕೊನೆಯ ದಿನ ಹೆಂಡತಿ ಮಕ್ಕಳು ಬಂದು ಕಣ್ಣೀರಿಡುವುದನ್ನು ಯಾರೂ ಹಗುರವಾಗಿ ಕಾಣಲಾರರು. ಆದರೂ ನಮ್ಮ ಗಮನವೆಲ್ಲ ಕುಡಿಯುವವನ ಮೇಲೆ. ಅವನ ಪಕ್ಕದಲ್ಲಿ ನಿಂತ ಮಗುವಿನ ಮೇಲೆ ಅಷ್ಟಿಲ್ಲ.

ಮಗುವಿನ ಮನೆಯನ್ನು ಬದಲಿಸಿದರೆ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ಯಾರೂ ಯೋಜಿಸದ ಒಂದು ಪ್ರಯೋಗ. ಅಮೆರಿಕದ ಉತ್ತರ ಕೆರೊಲೈನಾದ ಪಶ್ಚಿಮದ ಗುಡ್ಡಗಾಡಿನಲ್ಲಿ 1993ರಲ್ಲಿ ಸಂಶೋಧಕಿ ಜೇನ್ ಕಾಸ್ಟೆಲ್ಲೋ 1,420 ಮಕ್ಕಳ ಮನಸ್ಸಿನ ಆರೋಗ್ಯದ ಅಧ್ಯಯನ ಶುರುಮಾಡಿದ್ದರು. ಅವರಲ್ಲಿ ಸುಮಾರು ಕಾಲುಭಾಗ ಮೂಲನಿವಾಸಿ ಚೆರೋಕಿ ಮಕ್ಕಳು. ನಡುವೆ ಚೆರೋಕಿಗಳ ಜಾಗದಲ್ಲಿ ಕ್ಯಾಸಿನೊ ಬಂತು. 1996ರಿಂದ ಅದರ ಲಾಭದ ಪಾಲು ಬುಡಕಟ್ಟಿನ ಪ್ರತಿ ಮನೆಗೂ ಬರತೊಡಗಿತು. ಯಾವ ಷರತ್ತೂ ಇಲ್ಲ, ಯಾರಿಂದಲೂ ಬುದ್ಧಿವಾದವಿಲ್ಲ. ಬಡತನದ ಒತ್ತಡ ಇಳಿದಾಗ ತಂದೆತಾಯಿಗಳಿಗೆ ಮಕ್ಕಳ ಕಡೆ ಕಣ್ಣಿಡಲು ಹೊತ್ತು ಸಿಕ್ಕಿತು. ಆ ಮಕ್ಕಳು ದೊಡ್ಡವರಾದ ಮೇಲೆ, 2010ರಲ್ಲಿ ಬಂದ ವರದಿಯಲ್ಲಿ, ಚೆರೋಕಿಗಳಲ್ಲಿ ಕಿರಿಯ ಗುಂಪಿಗೆ ಮದ್ಯ ಮತ್ತು ಗಾಂಜಾದ ತೊಂದರೆ ಹಿರಿಯ ಗುಂಪುಗಳಿಗಿಂತ ಕಡಿಮೆ ಇತ್ತು. ಅದೇ ಊರು, ಅದೇ ಬುಡಕಟ್ಟು, ಅದೇ ಹಣ. ಹಣ ಬಂದಾಗ ಕಿರಿಯರಿಗೆ ಹನ್ನೆರಡು ವರ್ಷ, ಎಲ್ಲರಿಗಿಂತ ದೊಡ್ಡವರಿಗೆ ಹದಿನಾರು. ದೊಡ್ಡವರು ಆ ಮನೆಗಳಲ್ಲಿ ಉಳಿದದ್ದು ಇನ್ನೆರಡೇ ವರ್ಷ.

ಕುಡಿಯುವವರ ಮನೆಯವರಿಗಾಗಿ ಇರುವ ಅಲ್-ಅನಾನ್ ಸಭೆಗಳು ಬೆಂಗಳೂರಿನಲ್ಲೂ ನಡೆಯುತ್ತವೆ. ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್‌ನ 14416, ವ್ಯಸನದ ವಿಚಾರಕ್ಕೆ 14446, ಮಕ್ಕಳಿಗೆ 1098 ಇವೆ, ಕರೆಗೆ ದುಡ್ಡಿಲ್ಲ. ಬೈಕಿನ ಸದ್ದು ಗುರುತಿಸುವ ಹುಡುಗಿ ಇದನ್ನು ಓದುವುದಿಲ್ಲ. ಅವಳ ಟೀಚರ್, ಪಕ್ಕದ ಮನೆಯ ಆಂಟಿ, ಸೋದರಮಾವ ಇವರಲ್ಲಿ ಯಾರಾದರೂ ಓದಿಯಾರು.