ಇಳಿದದ್ದಕ್ಕೇ ತೊಡೆನೋವು

ವಿಂಧ್ಯಗಿರಿ ಹತ್ತುವಾಗ ಏದುಸಿರು, ಇಳಿಯುವಾಗ ಸಲೀಸು. ಆದರೂ ಮಾರನೇ ದಿನದ ತೊಡೆನೋವು ಇಳಿದದ್ದಕ್ಕೇ ಅನ್ನುತ್ತಾರಲ್ಲ, ಅಳೆದು ನೋಡಿದವರುಂಟೇ?
– ಓದುಗರು, ಹೊಳೆನರಸೀಪುರ

ಉಂಟು. ಶ್ರವಣಬೆಳಗೊಳದ ಆ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗಬೇಕು. ಭಾರದ ಮೂಟೆಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಬಿಡುವವನ ಅಂಗೈ ಉರಿಯುವುದಿಲ್ಲವೇ, ಹಾಗೆ.

ಸಂಶೋಧಕರು ತೊಡೆಯ ಚರ್ಮಕ್ಕೆ ಅಂಟಿಸುವ ಬಿಲ್ಲೆಗಳು ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುತ್ತವೆ. ಕಾಲಡಿಯ ಹಲಗೆ ಬಲ ಅಳೆಯುತ್ತದೆ. ಬಸುರಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್ ಸ್ಕ್ಯಾನಿಂಗು, ಸ್ನಾಯುವೆಷ್ಟು ಹಿಗ್ಗಿತು, ಅದನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜು ಎಷ್ಟು ಹಿಗ್ಗಿತು ಎಂದು ಬೇರೆಬೇರೆಯಾಗಿ ತೋರಿಸುತ್ತದೆ. ಇಳಿಯುವಾಗ ಸಂಕೇತ ಕಡಿಮೆ, ಅಂದರೆ ಕೆಲವೇ ಎಳೆಗಳ ಮೇಲೆ ಭಾರವೆಲ್ಲ. ಅವು ಅಲ್ಲಲ್ಲಿ ಸಣ್ಣಗೆ ಹರಿದು 2–3 ದಿನ ನೋಯುತ್ತವೆ. ಆಗಾಗ ಹತ್ತಿಳಿಯುವವರಿಗೆ ಈ ಕಾಟ ಕಡಿಮೆ.