ಟಪಾಲು ಪೆಟ್ಟಿಗೆ ತುಂಬಿದ್ದು ಟಪಾಲಿನಿಂದಲ್ಲ

ಮೂಡಲಗಿಯಲ್ಲಿರುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿದ್ದ. ಸಂದರ್ಶನದ ಪತ್ರ ಬರಲೇ ಇಲ್ಲ. ಫೋನ್ ಮಾಡಿ ಕೇಳಿದರೆ, ಕಳಿಸಿದ್ದೆವು, ವಾಪಸ್ ಬಂತು ಅಂದರಂತೆ. ಹುಡುಗ ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಬಂದ. "ಕಾಕಾ, ಸ್ಪ್ಯಾಮ್ ಎಲ್ಲಾ ಅಳಿಸೇನ್ರಿ, ಆದ್ರೂ ಫುಲ್ ಅಂತನ ತೋರಸ್ತೈತಿ." ನಾನೂರಕ್ಕೂ ಹೆಚ್ಚು ಪತ್ರ ಅಳಿಸಿದ್ದ ಪುಣ್ಯಾತ್ಮ.

ಇಬ್ಬರೂ ಕೂತು ಲೆಕ್ಕ ತೆಗೆದೆವು. ಜಿಮೇಲ್‌ನ ಉಚಿತ ಖಾತೆಗೆ 15 ಜಿಬಿ ಜಾಗ. ಅವನ ಖಾತೆಯಲ್ಲಿ ಪತ್ರಗಳು ಹಿಡಿದದ್ದು ಅರ್ಧ ಜಿಬಿಗಿಂತ ಕಡಿಮೆ. ಉಳಿದದ್ದೆಲ್ಲ ಫೋಟೊ, ವಿಡಿಯೊ, ವಾಟ್ಸ್‌ಆ್ಯಪ್ ಬ್ಯಾಕಪ್. ಅಕ್ಕನ ಮದುವೆಯ ಅರಿಷಿಣದ ವಿಡಿಯೊಗಳೇ ಮೂರು ಜಿಬಿ ಇದ್ದವು. ಒಂದು ಸ್ಪ್ಯಾಮ್ ಪತ್ರಕ್ಕೆ 50 ಕೆಬಿ ಎಂದು ಧಾರಾಳವಾಗಿ ಹಿಡಿದರೂ ನಾನೂರಕ್ಕೆ 20 ಎಂಬಿ. ಆ ಅರಿಷಿಣದ ವಿಡಿಯೊದಲ್ಲಿ ಅದು ಹತ್ತು ಸೆಕೆಂಡಿನ ಮಾತು.

ಹಾಗಂತ ಹುಡುಗನದು ತಪ್ಪು ತಿಳಿವಳಿಕೆ ಅನ್ನುವಂತಿಲ್ಲ; ಅದು ಹಳೆಯ ತಿಳಿವಳಿಕೆ. 1996ರ ಜುಲೈ 4ರಂದು ಹಾಟ್‌ಮೇಲ್ ಶುರುವಾಯಿತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜಾಕ್ ಸ್ಮಿತ್ ಅಮೆರಿಕದಲ್ಲಿ ಕಟ್ಟಿದ್ದು. ಪುಕ್ಕಟೆ ಕೊಟ್ಟ ಜಾಗ 2 ಎಂಬಿ, ಇವತ್ತಿನ ಮೊಬೈಲಿನ ಒಂದೇ ಫೋಟೊ ಹಿಡಿಸುವುದಿಲ್ಲ. ಅಷ್ಟು ಸಣ್ಣ ಡಬ್ಬಿಯಲ್ಲಿ ನೂರು ಜಾಹೀರಾತು ಬಿದ್ದರೆ ಮುಗಿಯಿತು, ಬೇಕಾದ ಪತ್ರಕ್ಕೆ ಜಾಗವಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಕೂತವರು ಮೊದಲ ಹತ್ತು ನಿಮಿಷ ಕಸ ಬಳಿಯುತ್ತಿದ್ದರು. ಕನ್ನಡದ್ದು ಇನ್ನೊಂದು ಪಾಡು. ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಹಾಗಾಗಿ ಒಂದು ಪುಟದ ಕಾಗದವನ್ನೂ ಚಿತ್ರ ಮಾಡಿ ಕಳಿಸಬೇಕು, ಆ ಚಿತ್ರ ಅರ್ಧ ಡಬ್ಬಿ ನುಂಗಬೇಕು.

2004ರ ಏಪ್ರಿಲ್ 1ರಂದು ಗೂಗಲ್ ಒಂದು ಜಿಬಿ ಕೊಡುತ್ತೇವೆ ಎಂದಾಗ ಬಹಳ ಜನ ಏಪ್ರಿಲ್ ಫೂಲ್ ಎಂದೇ ತಿಳಿದರು. ಆದರೆ ಆವತ್ತಿನಿಂದ ಸ್ಪ್ಯಾಮಿಗೂ ಜಾಗಕ್ಕೂ ಇದ್ದ ನಂಟು ಸಡಿಲವಾಯಿತು. 2013ರಲ್ಲಿ ಜಿಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ 15 ಜಿಬಿ ಎಂದಾಯಿತು. 2021ರ ಜೂನ್ 1ರಿಂದ ಹೊಸದಾಗಿ ಏರಿಸಿದ ಫೋಟೊಗಳೆಲ್ಲ ಲೆಕ್ಕಕ್ಕೆ ಬಂದವು. 2024ರ ಹೊತ್ತಿಗೆ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದೇ ಲೆಕ್ಕಕ್ಕೆ ಸೇರಿತು. ಒಂದೇ ಕೋಣೆಯಲ್ಲಿ ನಾಲ್ಕು ಸಂಸಾರ.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ತುಂಬಿದರೆ ಗೇಟು ಎತ್ತುತ್ತಾರೆ. ಮೇಲ್ ಖಾತೆಗೆ ಗೇಟಿಲ್ಲ. ತುಂಬಿದ ಮೇಲೆ ಬಂದ ಪತ್ರ ಬಾಗಿಲಿನಿಂದಲೇ ತಿರುಗಿ ಕಳಿಸಿದವರ ಕೈಸೇರುತ್ತದೆ, ನಿಮಗೆ ಸುಳಿವೂ ಸಿಗುವುದಿಲ್ಲ. ನಮ್ಮ ಕಡೆ ಇದು ಹೆಚ್ಚು ಆಗಲು ಒಂದು ಕಾರಣವಿದೆ. ಎಷ್ಟೋ ಜನರ ಖಾತೆಯನ್ನು ಮೊಬೈಲ್ ಅಂಗಡಿಯ ಹುಡುಗ ಐದು ನಿಮಿಷದಲ್ಲಿ ತೆರೆದುಕೊಟ್ಟಿರುತ್ತಾನೆ, ಪ್ಲೇ ಸ್ಟೋರ್ ನಡೆಯಲಿ ಅಂತ. ಪಾಸ್‌ವರ್ಡ್ ಅವನಿಗೇ ನೆನಪಿಲ್ಲ. ಮೇಲ್ ಇದೆ ಎಂಬುದೇ ಮಾಲೀಕನಿಗೆ ಗೊತ್ತಿಲ್ಲ. ಫೋನ್ ಮಾತ್ರ ರಾತ್ರಿ ವೈಫೈ ಸಿಕ್ಕಾಗಲೆಲ್ಲ ಫೋಟೊ ಮೇಲೇರಿಸುತ್ತಲೇ ಇರುತ್ತದೆ.

ಇನ್ನು ಬಿಡಿಸುವ ಕೆಲಸ. ಮೊದಲು ಗೂಗಲ್ ಖಾತೆಯ ಸ್ಟೋರೇಜ್ ಪುಟ ತೆರೆದು ಯಾವುದು ಎಷ್ಟು ತಿಂದಿದೆ ನೋಡಿ. ನೋಡದೆ ಏನನ್ನೂ ಅಳಿಸಬೇಡಿ. ವಾಟ್ಸ್‌ಆ್ಯಪ್‌ನ ಚಾಟ್ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆ ಇದೆ, ಅದನ್ನು ತೆಗೆದು ಹೊಸದಾಗಿ ಬ್ಯಾಕಪ್ ಮಾಡಿದರೆ ಗ್ರೂಪುಗಳ ಶುಭೋದಯದ ವಿಡಿಯೊಗಳೆಲ್ಲ ಒಮ್ಮೆಗೇ ಇಳಿಯುತ್ತವೆ. ಪತ್ರಗಳಲ್ಲಿ ಭಾರ ಹುಡುಕಲು, ಜಿಮೇಲ್‌ನ ಹುಡುಕು ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ 'ಲಾರ್ಜರ್' ಎಂದು ಬರೆದು, ಅದಕ್ಕೆ ಅಂಟಿಸಿ ಒಂದರ ಮೇಲೊಂದು ಎರಡು ಚುಕ್ಕಿ, ಆಮೇಲೆ 10, ಆಮೇಲೆ 'ಎಂ' ಅಕ್ಷರ ಹಾಕಿ. ನಡುವೆ ಎಲ್ಲೂ ತೆರಪು ಬೇಡ. 10 ಎಂಬಿಗಿಂತ ದೊಡ್ಡ ಪತ್ರಗಳು ಸಾಲಾಗಿ ನಿಲ್ಲುತ್ತವೆ. ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಗಿ ಅಲ್ಲಿ 30 ದಿನ ಜಾಗ ಹಿಡಿದೇ ಕೂತಿರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಬೇಕು.

ಫೋಟೊ ವಿಷಯದಲ್ಲಿ ಮಾತ್ರ ಕೈ ತಡೆದು ಕೆಲಸ ಮಾಡಿ. ಗೂಗಲ್ ಫೋಟೊಸ್‌ನಲ್ಲಿ ಅಳಿಸಿದರೆ ಖಾತೆಯಿಂದಲೂ ಹೋಗುತ್ತದೆ, ಫೋನಿನಿಂದಲೂ ಹೋಗುತ್ತದೆ. ಅದೇ ಆ್ಯಪ್‌ನಲ್ಲಿರುವ 'ಫ್ರೀ ಅಪ್ ಸ್ಪೇಸ್' ಗುಂಡಿ ಫೋನನ್ನು ಹಗುರ ಮಾಡುತ್ತದೆ, ಖಾತೆಯ ಭಾರ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಎರಡಕ್ಕೂ ನಾವು 'ಮೆಮೊರಿ ಫುಲ್' ಎಂದೇ ಹೇಳುವುದರಿಂದ ಈ ಗೊಂದಲ. ಮದುವೆ, ತೊಟ್ಟಿಲು, ಜಾತ್ರೆಯ ವಿಡಿಯೊಗಳನ್ನು ಮೊದಲು ಪೆನ್‌ಡ್ರೈವಿಗೋ ಕಂಪ್ಯೂಟರಿಗೋ ಇಳಿಸಿ, ತೆರೆದು ನೋಡಿ, ಆಮೇಲೆ ಅಳಿಸಿ.

ಹಾಗಾದರೆ ಸ್ಪ್ಯಾಮ್ ಬಿಟ್ಟುಬಿಡೋಣವೇ? ಅಳಿಸುವ ಶ್ರಮ ಬಿಡಿ. ಜಿಮೇಲ್ ಅದನ್ನು 30 ದಿನಕ್ಕೆ ತಾನೇ ಅಳಿಸುತ್ತದೆ. ಆದರೆ ಆ 30 ದಿನದೊಳಗೆ ಇಣುಕಿ ನೋಡುವುದನ್ನು ಬಿಡಬೇಡಿ. ಬೇಕಾದ ಪತ್ರ ಅಲ್ಲಿ ಸಿಕ್ಕಿಬಿದ್ದಿದ್ದರೆ ಅದೂ ಕಸದ ಜೊತೆಗೇ ಹೋಗುತ್ತದೆ. ಸಿಕ್ಕರೆ 'ಸ್ಪ್ಯಾಮ್ ಅಲ್ಲ' ಎಂದು ಒತ್ತಿ; ಜರಡಿ ಕಲಿಯುವುದೇ ಹೀಗೆ. ಅಂಗಡಿ, ಆ್ಯಪ್‌ಗಳ ಆಫರ್ ಪತ್ರಗಳದು ಬೇರೆ ಜಾತಿ, ಅವಕ್ಕೆ ನಾವೇ ಎಂದೋ ಹೂಂ ಅಂದಿರುತ್ತೇವೆ. 2024ರಿಂದ ಜಿಮೇಲ್ ಮತ್ತು ಯಾಹೂ, ರಾಶಿಗಟ್ಟಲೆ ಪತ್ರ ಕಳಿಸುವವರು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕೆಂದು ನಿಯಮ ಮಾಡಿವೆ. ಪತ್ರದ ತಲೆಯ ಮೇಲೆ ಮೇಲ್ ಆ್ಯಪ್ ತಾನೇ ತೋರಿಸುವ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ಗುರುತಿಲ್ಲದವರ ಪತ್ರದೊಳಗಿನ ಅಂಥದೇ ಕೊಂಡಿ ಮುಟ್ಟಬೇಡಿ. ಈ ವಿಳಾಸದಲ್ಲಿ ಜನ ವಾಸವಿದ್ದಾರೆ ಎಂದು ನೀವೇ ಡಂಗುರ ಸಾರಿದಂತೆ.

ಎಲ್ಲಕ್ಕಿಂತ ಕೆಟ್ಟ ಸ್ಪ್ಯಾಮ್ ಯಾವುದು ಗೊತ್ತೆ? "ನಿಮ್ಮ ಸ್ಟೋರೇಜ್ ತುಂಬಿದೆ, 24 ಗಂಟೆಯಲ್ಲಿ ಫೋಟೊ ಎಲ್ಲ ಅಳಿಸುತ್ತೇವೆ, ಇಲ್ಲಿ ಒತ್ತಿ" ಎನ್ನುವುದು. ನಿಜವಾಗಿಯೂ ತುಂಬಿದ ಖಾತೆಯವನಿಗೆ ಅದು ನಿಜವಾಗಿಯೇ ಕಾಣುತ್ತದೆ. ಕೊಂಡಿ ಒತ್ತಿದರೆ ಪಾಸ್‌ವರ್ಡ್ ಅಥವಾ ಕಾರ್ಡ್ ನಂಬರ್ ಕೇಳುತ್ತಾರೆ. ಪತ್ರ ಮುಚ್ಚಿ, ಫೋನಿನ ಸೆಟ್ಟಿಂಗ್‌ನಿಂದಲೇ ಖಾತೆ ತೆರೆದು ಲೆಕ್ಕ ನೋಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಹಚ್ಚಿ.

ಪುಕ್ಕಟೆ ಖಾತೆಗೆ ಇಷ್ಟು ಜತನ ಯಾಕೆ ಅನ್ನುವವರಿಗೆ 2019ರ ಆಗಸ್ಟ್ ನೆನಪಿಸಬೇಕು. ಘಟಪ್ರಭೆ ಗೋಕಾಕದ ಓಣಿಗಳಿಗೆ ನುಗ್ಗಿದಾಗ ಮನೆಯ ಟ್ರಂಕಿನಲ್ಲಿದ್ದ ಕಾಗದಪತ್ರ ಉಳಿಯುವುದು ಕಷ್ಟವಿತ್ತು. ಅಂಕಪಟ್ಟಿಯ ಸ್ಕ್ಯಾನ್ ಪ್ರತಿ ತನ್ನದೇ ವಿಳಾಸಕ್ಕೆ ಮೇಲ್ ಮಾಡಿಟ್ಟುಕೊಂಡವನಿಗೆ ಇಂಥ ಹೊತ್ತಿನಲ್ಲಿ ಅದೇ ಆಸರೆ. ಆ ಪತ್ರ ಅರ್ಧ ಎಂಬಿ ಕೂಡ ಇರುವುದಿಲ್ಲ, ಅದನ್ನು ಅಳಿಸಬೇಡಿ. ಡಿಜಿಲಾಕರ್‌ನಲ್ಲೂ ಒಂದು ಪ್ರತಿ ಇಡಿ, ಅದಕ್ಕೂ ಮೇಲ್ ಜಾಗಕ್ಕೂ ಸಂಬಂಧವಿಲ್ಲ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸುವ ಹಕ್ಕನ್ನು ಗೂಗಲ್ ಇಟ್ಟುಕೊಂಡಿದೆ, ಆದ್ದರಿಂದ ಹಳೆಯ ಖಾತೆ ಇದ್ದವರು ಆಗಾಗ ಒಳಗೆ ಹೋಗಿ ಬನ್ನಿ.

ಹುಡುಗನ ಖಾತೆ ಸಂಜೆಯೊಳಗೆ 6 ಜಿಬಿಗೆ ಇಳಿಯಿತು. ಅವನು ಇನ್‌ಬಾಕ್ಸ್ ತೆರೆದು ಸಂದರ್ಶನದ ಪತ್ರಕ್ಕಾಗಿ ಕಾಯುತ್ತ ಕೂತ. ವಾಪಸ್ ಹೋದ ಪತ್ರ ಜಾಗ ಆಯಿತೆಂದು ತಾನಾಗಿ ತಿರುಗಿ ಬರುವುದಿಲ್ಲ; ಕಳಿಸಿದವರನ್ನೇ ಮತ್ತೆ ಕೇಳಬೇಕು.