ಹಳೆಯ ಸ್ಟೀರಿಯೋ ವರ್ಧಕಗಳೂ ವ್ಯಾಟಿನ ಲೆಕ್ಕವೂ

1978ರಲ್ಲಿ ಜಪಾನಿನ ಪಯೊನಿಯರ್ ಕಂಪೆನಿಯು ಎಸ್‌ಎಕ್ಸ್-1980 ಎಂಬ ಸ್ಟೀರಿಯೋ ರಿಸೀವರೊಂದನ್ನು ಮಾರುಕಟ್ಟೆಗೆ ತಂದಿತು. ಅದರ ತೂಕ 35 ಕಿಲೋಗ್ರಾಮಿಗೂ ಮಿಗಿಲು. ಒಬ್ಬನೇ ಎತ್ತಿ ಬೀರುವಿನ ಮೇಲಿಡಹೋದರೆ ಸೊಂಟ ಹಿಡಿದೀತು. ಇಷ್ಟು ಭಾರದ ಯಂತ್ರ ಮಾಡುವ ಕೆಲಸವಾದರೂ ಏನು? ರೇಡಿಯೋ ನಿಲಯದಿಂದಲೋ ಗ್ರಾಮಫೋನು ತಟ್ಟೆಯಿಂದಲೋ ದೊರೆತ ಅತಿ ದುರ್ಬಲವಾದ ವಿದ್ಯುತ್ ಸಂಕೇತವನ್ನು ಬಲಪಡಿಸಿ ಎರಡು ಸ್ಪೀಕರುಗಳಿಗೆ ಒಪ್ಪಿಸುವುದು. ಅದೇ ಕೆಲಸವನ್ನು ಇಂದು ಅಂಗೈಯಗಲದ ಪೆಟ್ಟಿಗೆಯೊಂದು ಮಾಡಬಲ್ಲುದು. ಹೀಗಿದ್ದರೂ ಅರ್ಧ ಶತಮಾನದಷ್ಟು ಹಳೆಯ ಇಂತಹ ಯಂತ್ರಗಳನ್ನು ಹುಡುಕಿ ತಂದು, ಧೂಳು ಕೊಡವಿ, ಸವೆದ ಭಾಗಗಳನ್ನು ಬದಲಿಸಿ, ಅವುಗಳ ಮುಂದೆ ಕುಳಿತು ಸಂಗೀತ ಕೇಳುವ ಹವ್ಯಾಸಿಗಳು ಅನೇಕ ದೇಶಗಳಲ್ಲಿ ಇದ್ದಾರೆ, ನಮ್ಮಲ್ಲಿಯೂ ಇಲ್ಲದಿಲ್ಲ. ಹಳೆಯದರ ಮೋಹವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಆ ಭಾರಕ್ಕೆ ಭೌತಶಾಸ್ತ್ರದ ಕಾರಣವೊಂದೂ ಕಾನೂನಿನ ಕಾರಣವೊಂದೂ ಉಂಟು. ಅವನ್ನು ಇಲ್ಲಿ ವಿಚಾರಿಸೋಣ.

ಮೊದಲಿಗೆ ಹೆಸರಿನ ಮಾತು. ಸಂಕೇತವನ್ನು ಬಲಪಡಿಸುವ ಉಪಕರಣವೇ ಆಂಪ್ಲಿಫಯರು, ಅಂದರೆ ವರ್ಧಕ. ಅದೇ ಪೆಟ್ಟಿಗೆಯಲ್ಲಿ ರೇಡಿಯೋ ಹಿಡಿಯುವ ಟ್ಯೂನರನ್ನೂ ಸೇರಿಸಿದರೆ ಅದು ರಿಸೀವರು ಎನಿಸಿಕೊಳ್ಳುತ್ತದೆ. ಸ್ಟೀರಿಯೋ ಎಂದರೆ ಎಡಗಿವಿಗೊಂದು ಬಲಗಿವಿಗೊಂದು ಎಂಬಂತೆ ಎರಡು ಪ್ರತ್ಯೇಕ ಸಂಕೇತಗಳು. ಈ ಕಲ್ಪನೆಯನ್ನು ಇಂಗ್ಲೆಂಡಿನ ಅಲನ್ ಬ್ಲೂಮ್ಲೈನ್ 1931ರಷ್ಟು ಹಿಂದೆಯೇ ಪೇಟೆಂಟಿಗೆ ಒಪ್ಪಿಸಿದ್ದನಾದರೂ, ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದುದು 1957-58ರ ಸುಮಾರಿಗೆ. ಅಮೆರಿಕದಲ್ಲಿ ಎಫ್.ಎಂ. ಸ್ಟೀರಿಯೋ ಪ್ರಸಾರಕ್ಕೆ ಅನುಮತಿ ದೊರೆತುದು 1961ರಲ್ಲಿ. ಅಲ್ಲಿಂದ ಮುಂದೆ ಒಂದೊಂದು ಮನೆಗೂ ಒಂದರ ಬದಲು ಎರಡು ವರ್ಧಕಗಳು ಬೇಕಾದುವು. ತಯಾರಕರಿಗೆ ಸುಗ್ಗಿಯೇ ಬಂದಿತು.

ಈ ಸುಗ್ಗಿಗೆ ನೆಲ ಹಸನಾದುದು ವಾಲ್ವುಗಳ ಕಾಲದಲ್ಲಿ. ವಾಲ್ವು ಹೆಚ್ಚಿನ ವೋಲ್ಟೇಜಿನಲ್ಲಿ ಅಲ್ಪ ಪ್ರವಾಹವನ್ನು ಕೊಡುವಂಥದು. ಸ್ಪೀಕರಿಗೆ ಬೇಕಾದುದು ಇದಕ್ಕೆ ವಿರುದ್ಧವಾಗಿ ಕಡಿಮೆ ವೋಲ್ಟೇಜು, ಹೆಚ್ಚು ಪ್ರವಾಹ. ಎತ್ತರದಿಂದ ಬೀಳುವ ಸಣ್ಣ ತೊರೆಯನ್ನು ಮಂದವಾಗಿ ಹರಿಯುವ ಅಗಲ ಕಾಲುವೆಯಾಗಿ ಮಾರ್ಪಡಿಸಬೇಕು. ನಡುವೆ ನಿಂತು ಈ ಕೆಲಸ ಮಾಡುವುದು ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ವಾಲ್ವಿನ ವರ್ಧಕದ ಗುಣವೆಲ್ಲ ಬಹುಮಟ್ಟಿಗೆ ಈ ಕಬ್ಬಿಣ ತಾಮ್ರಗಳಲ್ಲಿಯೇ ಅಡಗಿದೆ ಎಂದರೂ ಸಲ್ಲುತ್ತದೆ.

ವರ್ಧಕವು ಸಂಕೇತವನ್ನು ದೊಡ್ಡದು ಮಾಡುವಾಗ ಅದರ ರೂಪವನ್ನೂ ಅಷ್ಟಿಷ್ಟು ಕೆಡಿಸುತ್ತದೆ. ಈ ವಿಕೃತಿಗೆ ಮದ್ದು ಹೊಳೆದುದು ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರನಿಗೆ, 1927ರ ಆಗಸ್ಟಿನಲ್ಲಿ, ಕೆಲಸಕ್ಕೆ ಹೋಗುವ ಹಡಗಿನಲ್ಲಿ ಹಡ್ಸನ್ ನದಿಯನ್ನು ದಾಟುತ್ತಿದ್ದಾಗ. ಹೊರಬಂದ ಸಂಕೇತದ ಒಂದಂಶವನ್ನು ತಿರುಗುಮುರುಗು ಮಾಡಿ ಮತ್ತೆ ಒಳಕ್ಕೆ ಕಳುಹಿಸಿದರೆ, ವರ್ಧಕವು ತಾನು ಮಾಡಿದ ತಪ್ಪನ್ನು ತಾನೇ ಕಳೆದುಕೊಳ್ಳುತ್ತದೆ. ವರ್ಧನೆಯೇನೋ ತಗ್ಗುತ್ತದೆ, ಆದರೆ ವಿಕೃತಿಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಈ ತತ್ತ್ವವನ್ನು ಉತ್ತಮವಾದ ಟ್ರಾನ್ಸ್‌ಫಾರ್ಮರಿನೊಡನೆ ಕೂಡಿಸಿ ಡಿ. ಟಿ. ಎನ್. ವಿಲಿಯಮ್ಸನ್ ಎಂಬಾತನು 1947ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ 15 ವ್ಯಾಟಿನ ವರ್ಧಕವೊಂದರ ನಕ್ಷೆಯನ್ನು ಪ್ರಕಟಿಸಿದನು. ವಿಕೃತಿ ನೂರಕ್ಕೆ 0.1 ಮಾತ್ರ. ಲೋಕದ ನಾನಾ ಕಡೆ ಹವ್ಯಾಸಿಗಳು ಅದನ್ನು ಮನೆಯಲ್ಲಿಯೇ ಕಟ್ಟಿಕೊಂಡರು.

ಇಂದು ಹವ್ಯಾಸಿಗಳು ಕಣ್ಣಿಗೊತ್ತಿಕೊಳ್ಳುವ ವಾಲ್ವು ವರ್ಧಕಗಳು ಈ ಪರಂಪರೆಯ ಕೂಸುಗಳು. ಪೀಟರ್ ವಾಕರ್ ಇಂಗ್ಲೆಂಡಿನ ಹಂಟಿಂಗ್ಡನ್ ಊರಿನಲ್ಲಿ 1953ರಲ್ಲಿ ಹೊರತಂದ ಕ್ವಾಡ್-2 ಇಂಥದೊಂದು. ಅದೂ 15 ವ್ಯಾಟಿನದೇ. ಅಮೆರಿಕದ ಮೆಕಿಂಟಾಷ್ ಕಂಪೆನಿಯ ಎಂಸಿ-275 ಬಂದುದು 1961ರಲ್ಲಿ. ಪ್ರತಿ ಪಕ್ಕಕ್ಕೆ 75 ವ್ಯಾಟ್. ಇವೆರಡೂ ಉಳ್ಳವರ ಸಾಮಾನುಗಳು. ನಮಗೆ ಹೆಚ್ಚು ಪ್ರಿಯವಾದುದು ಫಿಲಡೆಲ್ಫಿಯದ ಡೈನಾಕೊ ಕಂಪೆನಿಯು 1959ರಲ್ಲಿ ತಂದ ಸ್ಟೀರಿಯೋ-70. ಪಕ್ಕಕ್ಕೆ 35 ವ್ಯಾಟಿನ ಈ ವರ್ಧಕವನ್ನು ಬಿಡಿ ಭಾಗಗಳ ರೂಪದಲ್ಲಿ ನೂರು ಡಾಲರಿಗೂ ಒಳಗೆ ಮಾರುತ್ತಿದ್ದರು. ಬೆಸುಗೆ ಹಾಕಬಲ್ಲ ಯಾವನೇ ಆಗಲಿ ಕೆಲವು ಸಂಜೆಗಳಲ್ಲಿ ಅದನ್ನು ಜೋಡಿಸಿ ಮುಗಿಸಬಹುದಾಗಿತ್ತು. ಶ್ರೀಮಂತರ ಸೊತ್ತಾಗಿದ್ದ ಒಳ್ಳೆಯ ಧ್ವನಿಯನ್ನು ಉಪಾಧ್ಯಾಯನ ಮನೆಗೂ ವಿದ್ಯಾರ್ಥಿಯ ಕೋಣೆಗೂ ತಲುಪಿಸಿದ ಕೀರ್ತಿ ಅದಕ್ಕೆ ಸಲ್ಲಬೇಕು.

ಬಳಿಕ ಟ್ರಾನ್ಸಿಸ್ಟರು ಬಂದಿತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಹಂಗು ತಪ್ಪಿತು. ಯಂತ್ರ ಹಗುರವಾಯಿತು, ತಂಪಾಯಿತು. ಆದರೆ ಮೊದಮೊದಲ ಟ್ರಾನ್ಸಿಸ್ಟರು ವರ್ಧಕಗಳ ಧ್ವನಿ ಒರಟು ಎಂಬ ದೂರು ಕೇಳಿಬಂದಿತು. ದೂರು ಸುಳ್ಳಲ್ಲ. ಇಂತಹ ವರ್ಧಕದಲ್ಲಿ ಎರಡು ಟ್ರಾನ್ಸಿಸ್ಟರುಗಳು, ಉದ್ದ ಗರಗಸವನ್ನು ಎರಡು ತುದಿಯಲ್ಲಿ ಹಿಡಿದ ಕೊಯ್ಗೆಲಸದವರಂತೆ, ಒಂದಾದ ಮೇಲೊಂದು ಎಳೆಯುತ್ತವೆ. ಒಬ್ಬ ಬಿಟ್ಟ ಕ್ಷಣಕ್ಕೂ ಇನ್ನೊಬ್ಬ ಹಿಡಿದ ಕ್ಷಣಕ್ಕೂ ನಡುವೆ ತುಸು ಬಿಡುವಾದರೆ ಗರಗಸ ಮುಗ್ಗರಿಸುತ್ತದೆ. ವರ್ಧಕದಲ್ಲಿ ಈ ಮುಗ್ಗರಿಕೆ ಮೆಲುದನಿಯ ಸಂಗೀತದಲ್ಲಿಯೇ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಸಿಲಿಕಾನ್ ಟ್ರಾನ್ಸಿಸ್ಟರುಗಳೂ ಚತುರವಾದ ಮಂಡಲರಚನೆಗಳೂ ಬಂದ ಮೇಲೆ ಇದು ಅಡಗಿತು. 1967ರಲ್ಲಿ ಬಂದ ಕ್ವಾಡ್ 303 ಇದಕ್ಕೊಂದು ಒಳ್ಳೆಯ ನಿದರ್ಶನ.

ಧ್ವನಿಯ ದೋಷ ಅಡಗುತ್ತಿದ್ದಂತೆ ಜಾಹೀರಾತಿನ ದೋಷ ತಲೆಯೆತ್ತಿತು. ವ್ಯಾಟಿನ ಸಂಖ್ಯೆ ದೊಡ್ಡದಾದಷ್ಟೂ ಮಾರಾಟ ಹೆಚ್ಚು. ಆದ್ದರಿಂದ ಸಂಖ್ಯೆಯನ್ನು ಹಿಗ್ಗಿಸುವ ಉಪಾಯಗಳು ಹುಟ್ಟಿಕೊಂಡುವು. ಪಕ್ಕಕ್ಕೆ 10 ವ್ಯಾಟ್ ಕೊಡುವ ಬಡ ಯಂತ್ರವೊಂದಿದೆ ಎನ್ನೋಣ. ಎರಡೂ ಪಕ್ಕಗಳನ್ನು ಕೂಡಿಸಿ 20 ಎಂದರು. ಅಲೆಯ ಸರಾಸರಿಯನ್ನು ಬಿಟ್ಟು ಅದರ ಶಿಖರವನ್ನು ಅಳೆದರೆ ಎರಡರಷ್ಟಾಗುತ್ತದೆ, 40 ಎಂದರು. ಎಡೆಬಿಡದೆ ದುಡಿಸುವುದರ ಬದಲು, ವಿದ್ಯುತ್ ಸರಬರಾಜು ಕುಸಿಯುವುದಕ್ಕೆ ಮೊದಲಿನ ಒಂದು ಕ್ಷಣವನ್ನಷ್ಟೇ ಲೆಕ್ಕಕ್ಕೆ ಹಿಡಿದು ಅದಕ್ಕೆ ‘ಸಂಗೀತ ಶಕ್ತಿ’ ಎಂಬ ಸೊಗಸಾದ ಹೆಸರಿಟ್ಟರು; ಸಂಖ್ಯೆ ಇನ್ನೂ ಮೇಲೇರಿತು. ಇದಿಷ್ಟೂ ಪೂರ್ತಿ ಸುಳ್ಳೆನ್ನುವಂತಿಲ್ಲ. ಆದರೆ ಕೊಳ್ಳುವವನ ಕೈಗೆ ಸೇರುತ್ತಿದ್ದುದು ಹತ್ತು ವ್ಯಾಟಿನ ಪೆಟ್ಟಿಗೆಯೇ. ಸೇರಿಗೆ ಪಾವು ಅಳೆದಂತಾಯಿತು.

1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಆಟಕ್ಕೆ ತಡೆ ಹಾಕಿತು. ವರ್ಧಕದ ಶಕ್ತಿಯನ್ನು ಸಾರುವವನು ಎಡೆಬಿಡದೆ ಹೊಮ್ಮುವ ಸರಾಸರಿ ಶಕ್ತಿಯನ್ನೇ ಹೇಳಬೇಕು. ಎರಡೂ ಪಕ್ಕಗಳನ್ನು ಒಟ್ಟಿಗೆ ದುಡಿಸಿ ಅಳೆಯಬೇಕು. ಯಾವ ಕಂಪನಾಂಕದಿಂದ ಯಾವುದರವರೆಗೆ, ಎಷ್ಟು ವಿಕೃತಿಯೊಡನೆ ಎಂಬುದನ್ನೂ ತಿಳಿಸಬೇಕು. ಇದಕ್ಕೆಲ್ಲ ಮೊದಲು ಯಂತ್ರವನ್ನು ಅದರ ಶಕ್ತಿಯ ಮೂರನೆಯ ಒಂದು ಭಾಗದಲ್ಲಿ ಒಂದು ಗಂಟೆ ಕಾಲ ಕಾಯಿಸಬೇಕು!

ಮೂರನೆಯ ಒಂದೇ ಭಾಗ ತಾನೆ, ಅದೇನು ಕಷ್ಟ ಎಂದು ವಾಚಕರು ಕೇಳಬಹುದು. ಸ್ವಾರಸ್ಯವಿರುವುದು ಇಲ್ಲಿಯೇ. ಮೇಲೆ ಹೇಳಿದ ಗರಗಸದ ಮಾದರಿಯ ವರ್ಧಕವು ತನ್ನ ಪೂರ್ಣಶಕ್ತಿಯಲ್ಲಿ ಮಿತವ್ಯಯಿ. ಲೆಕ್ಕದ ಪ್ರಕಾರ ಸ್ಪೀಕರಿಗೆ 100 ವ್ಯಾಟ್ ಕೊಡುವಾಗ ಟ್ರಾನ್ಸಿಸ್ಟರುಗಳಲ್ಲಿ ಶಾಖವಾಗಿ ಪೋಲಾಗುವುದು ಸುಮಾರು 27 ವ್ಯಾಟ್. ಅದೇ ಯಂತ್ರ 33 ವ್ಯಾಟ್ ಕೊಡುವಾಗ ಪೋಲಾಗುವುದು ಸುಮಾರು 40 ವ್ಯಾಟ್! ಕಡಿಮೆ ದುಡಿದಾಗ ಹೆಚ್ಚು ಬೇಯುವ ವಿಚಿತ್ರ ಯಂತ್ರವಿದು. ಕಮಿಷನ್ ಆರಿಸಿದ ಪ್ರಮಾಣ ಅತಿ ಹೆಚ್ಚು ಶಾಖ ಹುಟ್ಟುವ ಘಟ್ಟಕ್ಕೆ ತೀರ ಹತ್ತಿರದ್ದು. ತಯಾರಕರು ಗೊಣಗಿದರು. ಆದರೆ ಬೇರೆ ದಾರಿಯಿರಲಿಲ್ಲ. ಶಾಖವನ್ನು ಗಾಳಿಗೆ ಬಿಡಲು ರೆಕ್ಕೆರೆಕ್ಕೆಯಾದ ಅಲ್ಯುಮಿನಿಯಮ್ ತಟ್ಟೆಗಳು, ಒಂದು ಗಂಟೆಯಾದರೂ ಬಸವಳಿಯದ ಟ್ರಾನ್ಸ್‌ಫಾರ್ಮರು, ಡಬ್ಬಿಯಷ್ಟು ದೊಡ್ಡ ಕಂಡೆನ್ಸರುಗಳು ಬೇಕಾದುವು. ಎಸ್‌ಎಕ್ಸ್-1980ರ 35 ಕಿಲೋಗ್ರಾಮಿನಲ್ಲಿ ಹೆಚ್ಚಿನ ಪಾಲು ಇವುಗಳದೇ. (ನಿಯಮ ತುಸು ಕಠಿನವಾಯಿತೆಂದು 2000ದಲ್ಲಿ ಮೂರನೆಯ ಒಂದನ್ನು ಎಂಟನೆಯ ಒಂದಕ್ಕೆ ಇಳಿಸಿದರು.)

ಸಂಖ್ಯೆ ಪ್ರಾಮಾಣಿಕವಾದ ಮೇಲೆ ಸ್ಪರ್ಧೆಯೂ ಪ್ರಾಮಾಣಿಕವಾಯಿತು; ನಿಂತಿತೆಂದು ಮಾತ್ರ ತಿಳಿಯಕೂಡದು. 1970ರ ದಶಕದ ಆರಂಭದಲ್ಲಿ 70 ವ್ಯಾಟಿನ ಮರಾಂಟ್ಸ್ 2270 ದೊಡ್ಡ ಯಂತ್ರವೆನಿಸಿತ್ತು. ಬೆರಳಿನಿಂದ ಉರುಳಿಸುವ ಅದರ ಟ್ಯೂನಿಂಗ್ ಚಕ್ರಕ್ಕೂ ನೀಲಿ ಬೆಳಕಿನ ಮುಖಕ್ಕೂ ಮನಸೋತವರು ಇಂದಿಗೂ ಇದ್ದಾರೆ. 1976ರ ಪಯೊನಿಯರ್ ಎಸ್‌ಎಕ್ಸ್-1250 ಪಕ್ಕಕ್ಕೆ 160 ವ್ಯಾಟ್ ಮುಟ್ಟಿತು. ಎಸ್‌ಎಕ್ಸ್-1980ಕ್ಕೆ 270, ಮರಾಂಟ್ಸ್ 2600ಕ್ಕೆ 300, ಟೆಕ್ನಿಕ್ಸ್ ಎಸ್‌ಎ-1000ಕ್ಕೆ 330. ದಶಕ ಮುಗಿಯುವ ಹೊತ್ತಿಗೆ ಈ ಹುಚ್ಚು ಇಳಿಯಿತು.

ಹುಚ್ಚು ಎಂದೆವಷ್ಟೆ, ಅದಕ್ಕೆ ಕಾರಣವುಂಟು. ನಮ್ಮ ಕಿವಿ ಜಿಪುಣನಂಥದು. ಶಕ್ತಿಯನ್ನು ಹತ್ತು ಪಟ್ಟು ಮಾಡಿದರೆ ಅದು ಧ್ವನಿ ಎರಡು ಪಟ್ಟಾಯಿತೆಂದು ಒಪ್ಪಿಕೊಳ್ಳುತ್ತದೆ. ಕ್ವಾಡ್-2ರ 15 ವ್ಯಾಟಿಗೂ ಎಸ್‌ಎಕ್ಸ್-1980ರ 270 ವ್ಯಾಟಿಗೂ ಹದಿನೆಂಟು ಪಟ್ಟು ಅಂತರ. ಒಂದೇ ಸ್ಪೀಕರಿನಲ್ಲಿ ಕಿವಿಗೆ ಅದು ಎರಡೂವರೆ ಪಟ್ಟನ್ನೂ ಮುಟ್ಟದು. ಸಾಧಾರಣ ಕೋಣೆಯಲ್ಲಿ ಹಿತವಾಗಿ ಕೇಳಲು ಸರಾಸರಿ ಒಂದು ವ್ಯಾಟ್ ಸಾಲುತ್ತದೆ. ಮೃದಂಗದ ಒಂದು ಗಟ್ಟಿ ಪೆಟ್ಟು ಬಿದ್ದಾಗ ಮಾತ್ರ ಕ್ಷಣಕಾಲ ಅದರ ಹತ್ತಾರು ಪಟ್ಟು ಬೇಕಾದೀತು. ಐವತ್ತು ವ್ಯಾಟಿನ ಯಂತ್ರ ಕೊಂಡವನಿಗೆ ಮೋಸವೇನೂ ಆಗಿಲ್ಲ.

ಹಾಗಾದರೆ ವಾಲ್ವು ಮೇಲೋ ಟ್ರಾನ್ಸಿಸ್ಟರು ಮೇಲೋ? ಈ ವಾದ ಹವ್ಯಾಸಿಗಳಲ್ಲಿ ಎಂದೂ ಮುಗಿಯದು. ಮಿತಿ ಮೀರಿ ದುಡಿಸಿದಾಗ ವಾಲ್ವು ವರ್ಧಕವು ಅಲೆಯ ನೆತ್ತಿಯನ್ನು ಮೆಲ್ಲನೆ ಬಾಗಿಸುತ್ತದೆ; ಟ್ರಾನ್ಸಿಸ್ಟರಿನದು ಕತ್ತಿಯಿಂದ ಕಡಿದಂತೆ ಕತ್ತರಿಸುತ್ತದೆ. ಇದು ನಿಜವಾದ ಭೇದ. ಮಿತಿಯೊಳಗಿದ್ದರೆ? ಪೀಟರ್ ವಾಕರ್ ಇದನ್ನು ಪರೀಕ್ಷೆಗೇ ಒಡ್ಡಿದನು. ಕ್ವಾಡ್‌ನ ವಾಲ್ವು ವರ್ಧಕವನ್ನೂ ಎರಡು ಟ್ರಾನ್ಸಿಸ್ಟರು ವರ್ಧಕಗಳನ್ನೂ ಯಾವುದು ನುಡಿಯುತ್ತಿದೆಯೆಂದು ತಿಳಿಸದೆ ಪಳಗಿದ ಕಿವಿಯವರಿಗೆ ಕೇಳಿಸಲಾಯಿತು. ಜೇಮ್ಸ್ ಮಾಯಿರ್ ನಡೆಸಿದ ಈ ಪರೀಕ್ಷೆಯ ವರದಿ 1978ರಲ್ಲಿ ‘ವೈರ್‌ಲೆಸ್ ವರ್ಲ್ಡ್’ನಲ್ಲಿ ಪ್ರಕಟವಾಯಿತು. ಕೇಳುಗರು ಒಂದನ್ನು ಇನ್ನೊಂದರಿಂದ ನಂಬಲರ್ಹವಾಗಿ ಬೇರ್ಪಡಿಸಲಾರದೆ ಹೋದರು. ವಾಲ್ವಿನ ಕೆಂಪು ಮಿನುಗನ್ನು ನೋಡುತ್ತ ಕೇಳುವ ಸುಖ ಬೇರೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಹಳೆಯ ಯಂತ್ರವನ್ನು ಕೊಳ್ಳುವವರಿಗೆ ಎರಡು ಮಾತು. ಇವುಗಳಲ್ಲಿ ಮೊದಲು ಮುದಿಯಾಗುವುದು ಎಲೆಕ್ಟ್ರೊಲಿಟಿಕ್ ಕಂಡೆನ್ಸರು. ಅದರೊಳಗಿನ ದ್ರವ ವರ್ಷಗಳು ಕಳೆದಂತೆ ಆರುತ್ತದೆ. ಶಾಖ ಹತ್ತು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆಂದು ಸ್ಥೂಲವಾದ ಲೆಕ್ಕ. ಸ್ಪೀಕರಿನಲ್ಲಿ ಗುಂಯ್‌ಗುಡುವಿಕೆ ಕೇಳಿಸಿದರೆ ಅದನ್ನೇ ಮೊದಲು ಸಂಶಯಿಸಬೇಕು. ಬಹುಕಾಲ ಮೂಲೆ ಸೇರಿದ್ದ ಯಂತ್ರಕ್ಕೆ ಒಮ್ಮೆಗೇ ಪೂರ್ತಿ ವೋಲ್ಟೇಜು ಕೊಡಕೂಡದು. ಬಲ್ಲವರು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ವಾಲ್ವು ವರ್ಧಕದೊಳಗೆ 400 ವೋಲ್ಟಿನಷ್ಟು ಇರುವುದುಂಟು, ಮತ್ತು ಗೋಡೆಯಿಂದ ತಂತಿ ಕಿತ್ತ ಮೇಲೆಯೂ ಅದು ಕಂಡೆನ್ಸರಿನಲ್ಲಿ ಹೊಂಚಿಕೊಂಡಿರುತ್ತದೆ. ಪ್ರಾಣಕ್ಕೇ ಅಪಾಯ. ಅರಿಯದವರು ಮುಚ್ಚಳ ತೆಗೆಯದಿರುವುದೇ ಲೇಸು.

ಅಮೆರಿಕದ ಮಾದರಿಗಳನ್ನು ನಮ್ಮ ದೇಶಕ್ಕೆ ತಂದವರಿಗೆ ಇನ್ನೂ ಒಂದು ತೊಡಕುಂಟು. ಅವು 120 ವೋಲ್ಟ್, 60 ಸೈಕಲ್ಲಿಗೆ ಮಾಡಿದವು. ನಮ್ಮದು 230 ವೋಲ್ಟ್, 50 ಸೈಕಲ್. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರು ಇಟ್ಟರೂ ಸೈಕಲ್ಲುಗಳ ಕೊರತೆಯಿಂದ ಯಂತ್ರ ತುಸು ಹೆಚ್ಚೇ ಬಿಸಿಯಾಗುತ್ತದೆ. ರೇಡಿಯೋ ಕೇಳುವಾಗ ಅವುಗಳಲ್ಲಿ ತಾಳದ ಕಿಣಿಕಿಣಿ ಕೊಂಚ ಮಂಕಾಗಿಯೂ ಕೇಳಿಸೀತು, ಎಫ್.ಎಂ. ಪ್ರಸಾರದಲ್ಲಿ ತೀವ್ರಸ್ವರಗಳನ್ನು ಎತ್ತಿ ಕಳುಹಿಸುವ ಪ್ರಮಾಣ ಅಮೆರಿಕದಲ್ಲಿ ಒಂದು, ನಮ್ಮಲ್ಲಿ ಇನ್ನೊಂದು. ಹಲವು ದೇಶಗಳಿಗೆಂದು ಮಾಡಿದ ಜಪಾನಿ ಮಾದರಿಗಳ ಬೆನ್ನಿನಲ್ಲಿ ವೋಲ್ಟೇಜು ಬದಲಿಸುವ ಗುಂಡಿ ಇರುವುದುಂಟು. ಕೊಳ್ಳುವ ಮುನ್ನ ಅದನ್ನು ನೋಡಿಕೊಳ್ಳಬೇಕು.

ವಾಲ್ವುಗಳ ವಿಷಯದಲ್ಲಿ ನಮ್ಮೂರಿನವರು ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ಹೇರಳವಾಗಿ ತಯಾರಿಸಿತು. ‘ಬೆಲ್’ ಎಂದು ಮುದ್ರೆಯೊತ್ತಿದ ಆ ಗಾಜಿನ ಬುರುಡೆಗಳು ಹಳೆಯ ರೇಡಿಯೋ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಈಗಲೂ ಒಮ್ಮೊಮ್ಮೆ ಸಿಗುತ್ತವೆ. ಅವನ್ನು ತರಿಸಿಕೊಂಡು ತಮ್ಮ ವರ್ಧಕಗಳಿಗೆ ಸಿಕ್ಕಿಸಿಕೊಳ್ಳುವ ಹವ್ಯಾಸಿಗಳು ಹೊರದೇಶಗಳಲ್ಲಿಯೂ ಇದ್ದಾರೆ.